ಪರಾರ್ಥದ ಓಟ

ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ಏರ್ಪಾಡನ್ನು ಮಾಡಿದರೆಂದೂ, 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೂ ತನ್ನದೇ ಆದ ಕ್ರಮದಲ್ಲಿ ನಡೆದುಬಂದಿತೆಂದೂ ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲರು. ಆದರೆ ಆ ಏರ್ಪಾಡಿನ ಸಮಸ್ತ ಭಾರವೂ ಕಟ್ಟಕಡೆಗೆ ಬಂದು ಬೀಳುತ್ತಿದ್ದುದು ಬಡ ಓಟಗಾರನೊಬ್ಬನ ಮೀನಖಂಡಗಳ ಮೇಲೆ ಎಂಬುದನ್ನು ನೆನೆಯುವವರು ವಿರಳ. ಹೆಗಲಿನಲ್ಲಿ ಟಪ್ಪಾಲಿನ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಅಥವಾ ಈಟಿ, ರಾತ್ರಿಯಾದರೆ ಜೊತೆಗೊಂದು ಪಂಜು, ಇಷ್ಟನ್ನೇ ನೆಚ್ಚಿಕೊಂಡು ನಮ್ಮ ದೇಶದ ಹರಿಕಾರರು ಹುಲಿ ಕರಡಿಗಳಿದ್ದ ಕಾಡುಗಳನ್ನು ಹಾದು ಓಡುತ್ತಿದ್ದರು. ಆ ಗೆಜ್ಜೆಯ ಸದ್ದಿಗೆ ಎರಡು ಅರ್ಥಗಳಿದ್ದವು: ಮುಂದಿನ ಕಟ್ಟೆಯಲ್ಲಿ ಕಾದಿರುವ ಹರಿಕಾರನಿಗೆ ಅದು ‘ಎದ್ದು ನಿಲ್ಲು’ ಎಂಬ ಸೂಚನೆ, ಪೊದೆಯ ಮರೆಯಲ್ಲಿರುವ ಮೃಗಕ್ಕೆ ‘ದಾರಿ ಬಿಡು, ನಿನ್ನ ಗೊಡವೆ ನನಗೆ ಬೇಡ’ ಎಂಬ ಬಿನ್ನಹ. ಮೃಗಕ್ಕೆ ಹೆದರಿ ಗೆಜ್ಜೆ ಕಟ್ಟಿಕೊಂಡು ಓಡುತ್ತಿದ್ದ ಮನುಷ್ಯನು, ಮುಂದೊಂದು ಕಾಲದಲ್ಲಿ ಮೃಗದ ವೇಷವನ್ನೇ ಹೊತ್ತು, ಮೃಗದ ಪರವಾಗಿ ಮನುಷ್ಯರ ಮುಂದೆ ಕೈಯೊಡ್ಡುತ್ತ ಓಡುವನೆಂದು ಅಂದು ಯಾರಾದರೂ ಹೇಳಿದ್ದರೆ ಆ ಹರಿಕಾರನು ನಗದೆ ಇರುತ್ತಿರಲಿಲ್ಲ.

ನಾನೂ ನಕ್ಕವನೇ. ಲಂಡನ್ನಿನಲ್ಲಿ ಎಂಜಿನಿಯರಾಗಿರುವ ನನ್ನ ತಂಗಿಯ ಮಗನು ಒಂದು ದಿನ ದೂರವಾಣಿಯಲ್ಲಿ, “ಮಾವ, ಈ ಸಲ ಮ್ಯಾರಥಾನ್ ಓಡ್ತೀನಿ, ಖಡ್ಗಮೃಗದ ವೇಷದಲ್ಲಿ” ಎಂದಾಗ, ಇವನಿಗೆ ಹಿಮ್ಮಡಿಯ ನೋವಿನ ಜೊತೆಗೆ ತಲೆಗೂ ಏನಾದರೂ ಆಗಿದೆಯೇ ಎಂದು ನಾನು ಶಂಕಿಸಿದ್ದುಂಟು. ಹಿಮ್ಮಡಿಯ ನೋವು ಮಾತ್ರ ಸುಳ್ಳಾಗಿರಲಿಲ್ಲ. ವರ್ಷಕ್ಕೂ ಮಿಕ್ಕಿ ಬಲಗಾಲಿನ ಹಿಮ್ಮಡಿಯ ಮೇಲಣ ದಪ್ಪ ಸ್ನಾಯುರಜ್ಜು ಊದಿಕೊಂಡು, ಬೆಳಿಗ್ಗೆ ಹಾಸಿಗೆಯಿಂದಿಳಿದು ನಾಲ್ಕು ಹೆಜ್ಜೆಯಿಡುವುದೇ ಅವನಿಗೆ ದುಸ್ತರವಾಗಿದ್ದಿತು. ವಿಶ್ರಾಂತಿ ತೆಗೆದುಕೊಳ್ಳೆಂದು ಒಬ್ಬ ವೈದ್ಯರು ಹೇಳಿದರು, ತೆಗೆದುಕೊಂಡನು, ಹಿಮ್ಮಡಿಯ ಬದಲು ಹೊಟ್ಟೆ ಬೆಳೆಯಿತು. ಮತ್ತೊಬ್ಬರು ಸೂಜಿ ಹಾಕಿದರು. ನೋವು ಹದಿನೈದು ದಿನ ಅಡಗಿದ್ದು, ಹದಿನಾರನೆಯ ದಿನ ಬಡ್ಡಿಸಮೇತ ಬಂದಿತು. ಕೊನೆಗೆ ಯಾರೋ ಅವನಿಗೆ ಸ್ವೀಡನ್ನಿನ ಚಿಕಿತ್ಸೆಯನ್ನು ಸೂಚಿಸಿದರು. ಆ ಚಿಕಿತ್ಸೆಯ ಹುಟ್ಟಿನ ಕಥೆ ಎಷ್ಟು ಸ್ವಾರಸ್ಯವಾದುದೆಂದರೆ ಅದನ್ನಿಲ್ಲಿ ಹೇಳದೆ ಮುಂದುವರಿಯಲು ನನಗೆ ಮನಸ್ಸಾಗದು.

ಹೋಕನ್ ಆಲ್ಫ್ರೆಡ್‌ಸನ್ ಎಂಬ ಮೂಳೆಶಸ್ತ್ರವೈದ್ಯರು ಸ್ವತಃ ಓಟದ ಹವ್ಯಾಸವುಳ್ಳವರು. ಅವರ ಹಿಮ್ಮಡಿಯ ರಜ್ಜು ಇದೇ ರೀತಿಯಲ್ಲಿ ಕೆಟ್ಟಿತು. ಶಸ್ತ್ರಚಿಕಿತ್ಸೆ ಮಾಡಿರೆಂದು ಅವರು ತಮ್ಮ ಮೇಲಧಿಕಾರಿಯನ್ನು ಕೇಳಿದರೆ, ನೀವು ರಜೆಯ ಮೇಲೆ ಹೋದರೆ ಇಲ್ಲಿಯ ಕೆಲಸವನ್ನು ನೋಡುವವರಾರು ಎಂದು ಆತ ಒಪ್ಪಲಿಲ್ಲವಂತೆ. ರೋಸಿಹೋದ ಆಲ್ಫ್ರೆಡ್‌ಸನ್ನರು, ರಜ್ಜು ಹರಿದೇ ಹೋದರೆ ಆಗಲಾದರೂ ಕೊಯ್ಯಲೇಬೇಕಾದೀತೆಂಬ ವಿಲಕ್ಷಣವಾದ ತರ್ಕದಿಂದ, ನೋವಿರುವ ಕಾಲಿನ ಮೇಲೆಯೇ ಭಾರವನ್ನೆಲ್ಲ ಹೇರಿ, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕಿಳಿಸುವ ವ್ಯಾಯಾಮವನ್ನು ದಿನದಿನವೂ ಮಾಡಹತ್ತಿದರು. ರಜ್ಜು ಹರಿಯುವುದಕ್ಕೆ ಬದಲಾಗಿ ವಾಸಿಯಾಯಿತು! 1998ರಲ್ಲಿ ಅವರೂ ಅವರ ಸಂಗಡಿಗರೂ ಈ ಕ್ರಮವನ್ನು ಹದಿನೈದು ಮಂದಿ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಪ್ರಯೋಗಿಸಿ ಫಲಿತಾಂಶವನ್ನು ಪ್ರಕಟಿಸಿದ ತರುವಾಯ, ಕೆಟ್ಟ ರಜ್ಜುವಿಗೆ ವಿಶ್ರಾಂತಿಯೊಂದೇ ಮದ್ದೆಂದು ನಂಬಿದ್ದ ವೈದ್ಯಲೋಕವು ಅದಕ್ಕೆ ಹದವರಿತ ದುಡಿಮೆಯೂ ಮದ್ದೆಂಬುದನ್ನು ಒಪ್ಪಿಕೊಂಡಿತು. ಒಳ್ಳೆಯ ಕಾಲಿನಿಂದ ಮೇಲೇಳುವುದು, ಕೆಟ್ಟ ಕಾಲಿನಿಂದ ನಿಧಾನವಾಗಿ ಇಳಿಯುವುದು. ಮಂಡಿಯನ್ನು ನೆಟ್ಟಗಿಟ್ಟು ಹದಿನೈದರಂತೆ ಮೂರಾವೃತ್ತಿ, ಬಗ್ಗಿಸಿ ಹದಿನೈದರಂತೆ ಮೂರಾವೃತ್ತಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಟ್ಟು ದಿನಕ್ಕೆ 180. ಹೀಗೆ 12 ವಾರ.

ಆ ಹನ್ನೆರಡು ವಾರಗಳಲ್ಲಿ ನಡುವಣ ನಾಲ್ಕು ವಾರಗಳನ್ನು ನನ್ನ ಸೋದರಳಿಯನು ಬಸವನಗುಡಿಯ ನಮ್ಮ ಮನೆಯಲ್ಲಿ ಕಳೆದನು. ಜಗಲಿಯಿಂದ ಅಂಗಳಕ್ಕಿಳಿಯುವ ಕಲ್ಲುಮೆಟ್ಟಿಲಿನ ಅಂಚಿನಲ್ಲಿ ಮುಂಗಾಲನ್ನೂರಿ, ಗೋಡೆಗೆ ಎರಡು ಬೆರಳು ತಾಗಿಸಿ, ಅವನು ಏಳುತ್ತ ಇಳಿಯುತ್ತ ಇರುವಾಗ, ಪತ್ರಿಕೆಯನ್ನು ಮಡಿಚಿಟ್ಟು ಲೆಕ್ಕವಿಡುವುದು ನನ್ನ ಪಾಲಿಗೆ ಬಂದ ಉದ್ಯೋಗ. ನೋವು ತಗ್ಗಿದಂತೆಲ್ಲ ಬೆನ್ನಿಗೆ ಭಾರ ಹೇರಬೇಕೆಂಬುದು ಆ ಚಿಕಿತ್ಸೆಯ ನಿಯಮ. ಬೇರೇನೂ ಕೈಗೆ ಸಿಕ್ಕದೆ, ಅವನು ನನ್ನ ಕಪಾಟಿನಿಂದ ಕಿಟೆಲರ ನಿಘಂಟನ್ನೆತ್ತಿ ಬೆನ್ನಚೀಲಕ್ಕೆ ತುಂಬಿದನು. “ಮಾವ, ಎಷ್ಟಾಯ್ತು?” “ನಲವತ್ತೈದು. ಇನ್ನು ಮಂಡಿ ಬಗ್ಗಿಸು.” “ಲೆಕ್ಕ ತಪ್ಪಿಲ್ಲ ತಾನೆ?” ಎಂದು ಅವನು, “ಮೆಟ್ಟಿಲು ಸವೆದರೆ ಗಾರೆಯವನನ್ನು ನೀವೇ ಕರೆಸಬೇಕು” ಎಂದು ಒಳಗಿನಿಂದ ನನ್ನ ಹೆಂಡತಿ. 1894ರಲ್ಲಿ ಆ ಮಹಾಗ್ರಂಥವನ್ನು ಹೊರತಂದ ಪಾದ್ರಿಯು ತನ್ನ ಶ್ರಮವು ಕನ್ನಡಿಗನೊಬ್ಬನ ಹಿಮ್ಮಡಿಯನ್ನು ಬಲಪಡಿಸಲಿಕ್ಕೂ ಒದಗೀತೆಂದು ಎಣಿಸಿರಲಾರನು. ಹೀಗೆ ಎಣಿಸುತ್ತ ಕುಳಿತ ಬೇಸರದಲ್ಲಿಯೇ ನಾನು ಈ ಓಟದ ಪೂರ್ವೋತ್ತರಗಳನ್ನು ಹುಡುಕತೊಡಗಿದ್ದು.

ಮ್ಯಾರಥಾನ್ ಎಂಬುದು ಗ್ರೀಸಿನ ಒಂದು ಬಯಲಿನ ಹೆಸರು. ಕ್ರಿ. ಪೂ. 490ರಲ್ಲಿ ಅಥೆನ್ಸಿನವರು ಅಲ್ಲಿ ಪಾರಸಿಕರ ಸೈನ್ಯವನ್ನು ಸೋಲಿಸಿದಾಗ, ಜಯವಾರ್ತೆಯನ್ನು ಹೊತ್ತು ಊರಿಗೋಡಿದ ದೂತನು ಸುದ್ದಿಯನ್ನು ಹೇಳಿ ಅಲ್ಲಿಯೇ ಪ್ರಾಣಬಿಟ್ಟನೆಂಬ ಕಥೆ ಶಾಲೆಯ ಹುಡುಗರಿಗೂ ಗೊತ್ತು. ಆದರೆ ಆ ಯುದ್ಧಕ್ಕೆ ಅತ್ಯಂತ ಸಮೀಪದ ಇತಿಹಾಸಕಾರನಾದ ಹೆರೊಡೋಟಸನಲ್ಲಿ ಈ ಕಥೆಯ ಸುಳಿವೇ ಇಲ್ಲ. ಅದು ಕಾಣಿಸಿಕೊಳ್ಳುವುದು ಐದಾರು ಶತಮಾನಗಳಾದ ಮೇಲೆ, ಪ್ಲುಟಾರ್ಕ್ ಲೂಸಿಯನ್ ಮೊದಲಾದವರ ಬರಹಗಳಲ್ಲಿ, ಅದೂ ದೂತನ ಹೆಸರಿನ ವಿಷಯದಲ್ಲಿ ಒಮ್ಮತವಿಲ್ಲದೆ. ಹೆರೊಡೋಟಸನು ಹೇಳುವುದು ಬೇರೊಂದು ಓಟವನ್ನು: ಯುದ್ಧಕ್ಕೆ ಮೊದಲು ನೆರವು ಬೇಡಲಿಕ್ಕಾಗಿ ಫೀಡಿಪ್ಪಿಡೀಸನೆಂಬ ವೃತ್ತಿಯ ಓಟಗಾರನು ಅಥೆನ್ಸಿನಿಂದ ಹೊರಟು ಮರುದಿನವೇ ಸ್ಪಾರ್ಟವನ್ನು ಮುಟ್ಟಿದನು. ದಾರಿಯಲ್ಲಿ, ಪಾರ್ಥೇನಿಯನ್ ಬೆಟ್ಟದ ಮೇಲೆ, ಪ್ಯಾನ್ ದೇವತೆಯು ಅವನನ್ನು ಹೆಸರು ಹಿಡಿದು ಕೂಗಿತಂತೆ. ಈ ಪ್ಯಾನ್ ಅರೆಮನುಷ್ಯ, ಅರೆಮೇಕೆ. ಕಾಡಿಗೂ ಕುರುಬರಿಗೂ ಒಡೆಯ. ಅಥೆನ್ಸಿನವರಿಗೆ ನಾನು ಎಷ್ಟೋ ಸಲ ಒದಗಿದ್ದೇನೆ, ಮುಂದೆಯೂ ಒದಗುವೆನು, ಆದರೂ ಅವರಿಗೆ ನನ್ನ ಮೇಲೆ ಲಕ್ಷ್ಯವಿಲ್ಲವೇಕೆ ಎಂಬುದು ಅದರ ದೂರು. ಯುದ್ಧ ಮುಗಿದು ಸುಭಿಕ್ಷವಾದಮೇಲೆ ಅಥೆನ್ಸಿನವರು ಆ ಮಾತನ್ನು ನೆನೆದು, ಅಕ್ರಾಪೊಲಿಸಿನ ತಪ್ಪಲಿನಲ್ಲಿ ಪ್ಯಾನನಿಗೊಂದು ಗುಡಿಯನ್ನು ಮಾಡಿ, ವರ್ಷವರ್ಷವೂ ಅವನ ಪ್ರೀತ್ಯರ್ಥವಾಗಿ ಬಲಿಯನ್ನೂ ಪಂಜಿನ ಓಟವನ್ನೂ ನಡೆಸುತ್ತ ಬಂದರೆಂದು ಹೆರೊಡೋಟಸನು ಬರೆದಿರುವನು. ಸಾಯುವ ದೂತನ ಕಥೆಯಲ್ಲಿ ಲೋಕವೆಲ್ಲ ಮೈಮರೆತಿರುವಾಗ, ಅದಕ್ಕಿಂತ ಹಳೆಯದಾದ ಈ ಸಂಗತಿ, ಎಂದರೆ ಲಕ್ಷ್ಯಕ್ಕೆ ಬಾರದೆ ಉಳಿದಿದ್ದ ಒಂದು ಅರೆಮೃಗದ ಸಲುವಾಗಿ ಊರಿಗೆ ಊರೇ ಓಟವನ್ನೇರ್ಪಡಿಸಿದ ಸಂಗತಿ, ಬದಿಗೆ ಸರಿದುಹೋಗಿರುವುದು ನನಗೆ ಅನ್ಯಾಯವಾಗಿಯೇ ತೋರುತ್ತದೆ.

ಮರಣದ ಕಥೆಗೇ ಜಯವಾಯಿತು. ಕವಿ ಬ್ರೌನಿಂಗನು 1879ರಲ್ಲಿ ಅದನ್ನು ಪದ್ಯವಾಗಿಸಿದನು. ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಷೆಲ್ ಬ್ರೆಯಾಲ್ ಇಂಥದೊಂದು ಓಟವಿರಲೆಂದು ಸೂಚಿಸಿದನು. 1896ರಲ್ಲಿ ಅಥೆನ್ಸಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪುನಃ ಪ್ರಾರಂಭವಾದಾಗ ಮ್ಯಾರಥಾನಿನಿಂದ ಅಥೆನ್ಸಿಗೆ ಸುಮಾರು 40 ಕಿಲೋಮೀಟರು ಓಡಿ ಗೆದ್ದವನು ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಸಿನ ಹಳ್ಳಿಗ. ಇಂದಿನ 42.195 ಕಿಲೋಮೀಟರಿನ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸಿನಿಂದ. ವಿಂಡ್ಸರ್ ಅರಮನೆಯ ಅಂಗಳದಲ್ಲಿ ಹೊರಟು ಕ್ರೀಡಾಂಗಣದಲ್ಲಿ ಅರಸುಮನೆತನದವರ ಆಸನದ ಮುಂದೆ ಮುಗಿಯುವಂತೆ ಅಳೆದಾಗ ಅದು 26 ಮೈಲಿ 385 ಗಜವಾಯಿತು, ಆ ಅಳತೆಯೇ 1921ರಲ್ಲಿ ನಿಯಮವಾಗಿ ನಿಂತಿತು. ರಾಜಪೀಠದ ಅನುಕೂಲಕ್ಕಾಗಿ ಅಳೆದ ಆ ಕೊನೆಯ ಗಜಗಳನ್ನು ಇಂದಿಗೂ ಲೋಕದ ಓಟಗಾರರೆಲ್ಲ ಶಪಿಸುತ್ತ ಓಡುತ್ತಾರೆ.

ಆ 1908ರ ಓಟದಲ್ಲಿ ಜರುಗಿದ ಒಂದು ಘಟನೆ ನಮ್ಮ ಪ್ರಕೃತಕ್ಕೆ ಬಹಳ ಮುಖ್ಯವಾದುದು. ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣವನ್ನು ಹೊಕ್ಕ ಇಟಲಿಯ ಡೊರಾಂಡೊ ಪಿಯೆಟ್ರಿ ಎಂಬ ಕುಳ್ಳಗಿನ ಮನುಷ್ಯನು ದಣಿವಿನಿಂದ ಬುದ್ಧಿ ಮಂಕಾಗಿ ತಪ್ಪುದಿಕ್ಕಿಗೆ ತಿರುಗಿದನು, ಬಿದ್ದನು, ಎದ್ದನು, ಮತ್ತೆ ಬಿದ್ದನು. ಹೀಗೆ ಬೀಳುತ್ತೇಳುತ್ತ ಉಳಿದ ಮುನ್ನೂರು ಚಿಲ್ಲರೆ ಮೀಟರುಗಳನ್ನು ದಾಟಲು ಅವನಿಗೆ ಸುಮಾರು ಹತ್ತು ನಿಮಿಷಗಳು ಹಿಡಿದವು. ನೋಡಲಾರದೆ ಅಧಿಕಾರಿಗಳು ಕೈಕೊಟ್ಟು ಎಬ್ಬಿಸಿದರು. ಆ ಕೈಯೇ ಅವನಿಗೆ ಮುಳುವಾಯಿತು. ಪರಸಹಾಯ ಪಡೆದನೆಂದು ಅವನ ಗೆಲುವನ್ನು ರದ್ದುಪಡಿಸಿ, ಹಿಂದೆ ಬಂದ ಅಮೆರಿಕದ ಜಾನಿ ಹೇಯ್ಸನಿಗೆ ಪದಕವನ್ನು ಕೊಟ್ಟರು. ಮರುದಿನ ಅಲೆಗ್ಸಾಂಡ್ರ ರಾಣಿಯು ಪಿಯೆಟ್ರಿಗೆ ಚಿನ್ನದ ಮುಲಾಮಿನ ಬೆಳ್ಳಿಯ ಬಟ್ಟಲೊಂದನ್ನು ತಾನಾಗಿ ಕೊಟ್ಟಳು. ಷರ್ಲಾಕ್ ಹೋಮ್ಸನ ಸೃಷ್ಟಿಕರ್ತರಾದ ಆರ್ಥರ್ ಕಾನನ್ ಡಾಯ್ಲ್ ಅಂದು ‘ಡೈಲಿ ಮೇಲ್’ ಪತ್ರಿಕೆಗಾಗಿ ಆ ಓಟವನ್ನು ನೋಡಲು ಬಂದಿದ್ದರು; ಇಟಲಿಯಲ್ಲಿ ಅವನಿಗೊಂದು ಬೇಕರಿಯನ್ನು ಹಾಕಿಕೊಡೋಣವೆಂದು ಪತ್ರಿಕೆಯ ಮೂಲಕ ಅವರು ಚಂದಾ ಎತ್ತಿದಾಗ ಸುಮಾರು 300 ಪೌಂಡುಗಳು ಕೂಡಿದವು. ಗೆದ್ದವನ ಹೆಸರನ್ನು ಇಂದು ಹುಡುಕಿ ತೆಗೆಯಬೇಕು. ಬಿದ್ದವನನ್ನು ಜನ ಮರೆತಿಲ್ಲ. ಮ್ಯಾರಥಾನಿಗೂ ಚಂದಾಪಟ್ಟಿಗೂ ಗಂಟು ಬಿದ್ದುದು ಹೀಗೆ, ಬೀಳುವ ಕಾಲುಗಳನ್ನು ಕಂಡು ಜನರ ಕೈ ತಾನಾಗಿ ಜೇಬಿಗೆ ಹೋದ ಆ ದಿನ, ಎಂಬುದು ನನ್ನ ಎಣಿಕೆ.

ಕನ್ನಡನಾಡಿಗೂ ಈ ಓಟಕ್ಕೂ ಇರುವ ಹಳೆಯ ನಂಟನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುಣೆಯ ಡೆಕ್ಕನ್ ಜಿಮ್‌ಖಾನದ ಸ್ಪರ್ಧೆಗಳಲ್ಲಿ ರೈತಾಪಿ ಹುಡುಗರು ಬರಿಗಾಲಿನಲ್ಲಿ ದೂರದ ಓಟವನ್ನೋಡುತ್ತಿದ್ದ ಪರಿಯನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ಪ್ರಯತ್ನದಿಂದ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಒಂದು ಚಿಕ್ಕ ತಂಡ ಹೋಯಿತು. ಅದರಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ, ಒಲಿಂಪಿಕ್ ಮ್ಯಾರಥಾನುಗಳಲ್ಲಿಯೇ ಅತಿ ದೀರ್ಘವಾಗಿದ್ದ 42.75 ಕಿಲೋಮೀಟರಿನ ಆ ಓಟವನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಹರಿಕಾರರ ವೃತ್ತಿ ರೈಲಿನ ಹೊಡೆತಕ್ಕೆ ನಂದುತ್ತಿದ್ದ ಕಾಲದಲ್ಲಿ ಈ ನೆಲದ ಕಾಲುಗಳಲ್ಲಿ ಓಟವಿನ್ನೂ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಾಯಗೊಂಡು, ಗುಣವಾಗಿ, ಮತ್ತೆ ಓಡಿದವರ ಪರಂಪರೆಯೂ ಚಿಕ್ಕದೇನಲ್ಲ. 1952ರಲ್ಲಿ ಹೆಲ್ಸಿಂಕಿಯಲ್ಲಿ ಮೂರು ಚಿನ್ನಗಳನ್ನು ಬಾಚಿಕೊಂಡ ಎಮಿಲ್ ಜಾಟೊಪೆಕ್, ನಾಲ್ಕು ವರ್ಷಗಳ ಮೇಲೆ ಹರ್ನಿಯಾದ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಲ್ಲಿ ಮೆಲ್ಬರ್ನಿನ ಮ್ಯಾರಥಾನಿಗೆ ನಿಂತು ಆರನೆಯವನಾದನು. 1960ರಲ್ಲಿ ರೋಮಿನ ಬೀದಿಗಳನ್ನು ಬರಿಗಾಲಿನಲ್ಲಿ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲ, 1964ರಲ್ಲಿ ಅಪೆಂಡಿಕ್ಸನ್ನು ತೆಗೆಸಿಕೊಂಡು ಐದಾರು ವಾರವಾಗಿರಲು ಟೋಕಿಯೊದಲ್ಲಿ ಓಡಿ, 2 ಗಂಟೆ 12 ನಿಮಿಷಗಳ ಹೊಸ ದಾಖಲೆಯೊಡನೆ ಗೆದ್ದು, ಉಳಿದವರು ಬರುವವರೆಗೆ ಹುಲ್ಲಿನ ಮೇಲೆ ಅಂಗಸಾಧನೆ ಮಾಡುತ್ತಿದ್ದನು. ಅದೇ ಬಿಕಿಲನು 1969ರ ಕಾರು ಅಪಘಾತದಲ್ಲಿ ಸೊಂಟದಿಂದ ಕೆಳಕ್ಕೆ ಸ್ವಾಧೀನ ತಪ್ಪಿ, ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆಗಿಳಿದನೆಂಬುದನ್ನು ಓದಿದ ದಿನ ನಾನು ಲೆಕ್ಕವನ್ನು ತಪ್ಪಿದೆನು. ಸೋದರಳಿಯನು ಆ ಸಂಜೆ ಹದಿನೈದು ಹೆಚ್ಚಾಗಿಯೇ ಮಾಡಿರಬೇಕು.

ಇನ್ನು ಹಣದ ವಿಚಾರ. ನೀನು ಇಷ್ಟು ದೂರ ನಡೆದರೆ ಅಥವಾ ಓಡಿದರೆ ನಾನು ಇಷ್ಟು ಕೊಡುತ್ತೇನೆಂಬ ಈ ಪಾಶ್ಚಾತ್ಯ ಪದ್ಧತಿ ನಮ್ಮವರಿಗೆ ವಿಚಿತ್ರವಾಗಿ ತೋರುವುದು ಸಹಜ. ಹಣವನ್ನು ಸುಮ್ಮನೆ ಕೊಡಬಾರದೇ, ನಡುವೆ ಈ ಹುಡುಗನ ಕಾಲನ್ನೇಕೆ ಸವೆಸಬೇಕೆಂದು ನನ್ನ ಹೆಂಡತಿಯೂ ಕೇಳಿದಳು. ಪ್ರಶ್ನೆ ನ್ಯಾಯವಾದುದೇ. ಆದರೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವನನ್ನು ಬಸ್ಸಿದೆಯಲ್ಲವೆಂದು ನಾವು ಕೇಳುವುದುಂಟೇ? ದೇವಾಲಯದ ಅಂಗಳದಲ್ಲಿ ಉರುಳುಸೇವೆ ಮಾಡುವವನಿಗೆ ಕಾಲಿಲ್ಲವೇ? ದೇಹದ ಶ್ರಮವನ್ನು ಮುಡಿಪಾಗಿಡುವುದು ಹರಕೆ; ಅದನ್ನು ಕಂಡವರು ಒಂದು ಎಲೆಯ ಊಟವನ್ನೋ ನಾಲ್ಕು ಕಾಸನ್ನೋ ಕೊಟ್ಟು ಆ ಪುಣ್ಯದಲ್ಲಿ ಪಾಲುಗೊಳ್ಳುವುದು ನಮ್ಮಲ್ಲಿ ಹಳೆಯ ನಡೆವಳಿಕೆ. ಭೇದವಿಷ್ಟೇ: ನಮ್ಮ ಹರಕೆ ಬಹುಮಟ್ಟಿಗೆ ತನ್ನ ಮಗುವಿನ ಜ್ವರಕ್ಕಾಗಿ, ತನ್ನ ಹೊಲದ ಮಳೆಗಾಗಿ, ಇವರದು ಗುರುತು ಪರಿಚಯವಿಲ್ಲದವರಿಗಾಗಿ. ಕೆನಡಾದ ಟೆರಿ ಫಾಕ್ಸ್ ಎಂಬ ತರುಣನನ್ನು ನೆನೆಯಿರಿ. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಅವನು, 1980ರ ಏಪ್ರಿಲಿನಲ್ಲಿ ಕೃತಕ ಕಾಲಿನೊಡನೆ ದೇಶದ ಪೂರ್ವತೀರದಿಂದ ಹೊರಟು, ದಿನಕ್ಕೊಂದು ಮ್ಯಾರಥಾನಿನಂತೆ 143 ದಿನ, 5,373 ಕಿಲೋಮೀಟರು ಓಡಿದನು, ರೋಗವು ಶ್ವಾಸಕೋಶಕ್ಕೆ ಹರಡಿ ನಿಲ್ಲಿಸಬೇಕಾಯಿತು, ಮರುವರ್ಷ ತೀರಿಕೊಂಡನು. ಪ್ರತಿಯೊಬ್ಬ ಕೆನಡಿಯನ್ನನಿಂದ ಒಂದು ಡಾಲರು ಎಂಬುದು ಅವನ ಬೇಡಿಕೆ. ಸಾಯುವುದರೊಳಗಾಗಿ 2 ಕೋಟಿ 40 ಲಕ್ಷ ಡಾಲರು ಮೀರಿ ಕೂಡಿದುದನ್ನು ಅವನು ಕಂಡನು.

ಲಂಡನ್ ಮ್ಯಾರಥಾನ್ ಪ್ರಾರಂಭವಾದುದು ಆ 1981ರಲ್ಲಿಯೇ, ಮಾರ್ಚ್ 29ರಂದು. ರೋಜರ್ ಬ್ಯಾನಿಸ್ಟರನು ನಾಲ್ಕು ನಿಮಿಷದೊಳಗೆ ಮೈಲಿಯನ್ನೋಡಿದಾಗ ಜೊತೆಗೋಡಿ ವೇಗವನ್ನು ಕಾಯ್ದುಕೊಟ್ಟ ಕ್ರಿಸ್ ಬ್ರಾಷರ್, ತನ್ನ ಮಿತ್ರ ಜಾನ್ ಡಿಸ್ಲಿಯೊಡನೆ 1979ರಲ್ಲಿ ನ್ಯೂಯಾರ್ಕಿನ ಓಟವನ್ನು ಓಡಿಬಂದು, ಇಂಥ ಹಬ್ಬ ನಮ್ಮೂರಿನಲ್ಲೇಕಾಗಬಾರದೆಂದು ಹಟಹಿಡಿದುದರ ಫಲವದು. ಮೊದಲ ವರ್ಷ 6,255 ಮಂದಿ ಮುಗಿಸಿದರು. ಮೊದಲಿಗರಾಗಿ ಬಂದ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿಯೂ ನಾರ್ವೆಯ ಇಂಗೆ ಸೈಮನ್ಸೆನ್ನನೂ ಕೈಕೈ ಹಿಡಿದು ಒಟ್ಟಿಗೆ ಗೆರೆ ದಾಟಿದರು. ಧರ್ಮಸಂಸ್ಥೆಗಳು ನಿಶ್ಚಿತ ಸ್ಥಾನಗಳನ್ನು ಹಣ ಕೊಟ್ಟು ಪಡೆದು, ಇಷ್ಟು ಚಂದಾ ಎತ್ತುವೆನೆಂದು ಮಾತುಕೊಟ್ಟವರಿಗೆ ಹಂಚುವ ಪದ್ಧತಿ 1993ರಲ್ಲಿ ಬಂದ ಮೇಲೆ ಈ ಓಟದ ಸ್ವರೂಪವೇ ಬೇರೆಯಾಯಿತು. 2019ರ ಒಂದು ದಿನದ ಓಟದಿಂದ ಕೂಡಿದ ಹಣ 6 ಕೋಟಿ 64 ಲಕ್ಷ ಪೌಂಡು. ಹಣ ಬೇಕಾದರೆ ಜನರ ಕಣ್ಣು ತಮ್ಮ ಮೇಲೆ ಬೀಳಬೇಕು. ಕಣ್ಣು ಬೀಳಬೇಕಾದರೆ ವೇಷ ಬೇಕು. ರಕ್ತಕ್ಯಾನ್ಸರಿನಿಂದ ಗುಣವಾದ ಅಗ್ನಿಶಾಮಕ ದಳದ ಲಾಯ್ಡ್ ಸ್ಕಾಟ್ 2002ರಲ್ಲಿ 59 ಕಿಲೋ ತೂಕದ ಹಳೆಯ ಕಾಲದ ಮುಳುಗುಗಾರನ ಉಡುಪಿನಲ್ಲಿ ಐದು ದಿನಕ್ಕೂ ಮಿಕ್ಕಿ ನಡೆದು ಈ ದೂರವನ್ನು ಮುಗಿಸಿದನು. 2017ರಲ್ಲಿ ಲಂಡನ್ ಪೊಲೀಸಿನ ಟಾಮ್ ಹ್ಯಾರಿಸನ್, ಆಫ್ರಿಕದ ಗೊರಿಲ್ಲಗಳನ್ನು ಕಾಯುವ ಸಂಸ್ಥೆಗಾಗಿ, ಗೊರಿಲ್ಲದ ವೇಷದಲ್ಲಿ ನಾಲ್ಕು ಕಾಲಿನ ಮೇಲೆ ತೆವಳುತ್ತ ಹೊರಟು, ಮಂಡಿ ಕಿತ್ತುಬಂದಾಗ ಅಂಗಾಲು ಅಂಗೈಗಳ ಮೇಲೆ ನಡೆದು, ಆರು ದಿನಗಳ ಬಳಿಕ ಗೆರೆಯನ್ನು ಮುಟ್ಟಿದನು. ಉರುಳುಸೇವೆಯನ್ನು ಕಂಡ ನಮಗೆ ಇದು ಅರ್ಥವಾಗದ ಸಂಗತಿಯಲ್ಲ.

ಖಡ್ಗಮೃಗದ ಕಥೆ ಇವೆಲ್ಲಕ್ಕಿಂತ ದುಃಖಕರವಾದುದು. ನಮ್ಮ ಉಗುರುಗಳಲ್ಲಿರುವ ವಸ್ತುವಿನಿಂದಲೇ ಆದ ಅದರ ಕೊಂಬಿನಲ್ಲಿ ಔಷಧವಿದೆಯೆಂದು ಪೂರ್ವದೇಶಗಳವರೂ, ಕಠಾರಿಯ ಹಿಡಿಗೆ ಅದು ಸೊಗಸೆಂದು ಯೆಮೆನ್ ದೇಶದವರೂ ಕೊಟ್ಟ ಬೆಲೆಯೇ ಅದಕ್ಕೆ ಮೃತ್ಯುವಾಯಿತು. 1970ರ ಸುಮಾರಿನಲ್ಲಿ ಆಫ್ರಿಕದಲ್ಲಿ 65,000ದಷ್ಟಿದ್ದ ಕಪ್ಪು ಖಡ್ಗಮೃಗಗಳು 1995ರ ವೇಳೆಗೆ ಸುಮಾರು 2,400ಕ್ಕೆ ಇಳಿದವು. ಕೀನ್ಯ ದೇಶವೊಂದರಲ್ಲಿಯೇ 20,000 ಇದ್ದವು 400ಕ್ಕಿಂತ ಕಡಿಮೆಯಾದವು. ಹೀಗೆ ಅಳಿಯುತ್ತಿದ್ದಾಗಲೇ ಅನಾ ಮರ್ಜ್ ಎಂಬ ಆಂಗ್ಲ ಮಹಿಳೆ, ಉಳಿದ ಕೆಲವನ್ನಾದರೂ ಬೇಲಿಯೊಳಗಿಟ್ಟು ಕಾಯಬೇಕೆಂಬ ಸಂಕಲ್ಪದಿಂದ, ಲೇವಾ ಎಂಬಲ್ಲಿ ದನಗಳ ದೊಡ್ಡ ಬೀಡನ್ನಿಟ್ಟುಕೊಂಡಿದ್ದ ಕ್ರೇಗ್ ಕುಟುಂಬದವರನ್ನು ಕೇಳಿ, 5,000 ಎಕರೆ ಪಡೆದು, 1983ರಲ್ಲಿ ಒಂದು ಆಶ್ರಯಸ್ಥಾನವನ್ನು ಮಾಡಿದಳು. ತಾಯಿ ತೊರೆದ ಸಮಿಯ ಎಂಬ ಮರಿಯನ್ನು ತನ್ನ ಮನೆಯಲ್ಲಿಯೇ ಸೀಸೆಯ ಹಾಲೆರೆದು ಸಾಕಿದಳು. ಬೀಡೆಲ್ಲವೂ ಕ್ರಮೇಣ ಮೃಗಗಳಿಗೇ ಮೀಸಲಾಗಿ, ಇಂದು ಸುಮಾರು 62,000 ಎಕರೆಯ ಆ ವನ್ಯಧಾಮವು 2013ರಲ್ಲಿ ಮೌಂಟ್ ಕೀನ್ಯದೊಡನೆ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. 2000ದಿಂದ ಅಲ್ಲಿಯೇ ಒಂದು ಮ್ಯಾರಥಾನ್ ನಡೆಯುತ್ತಿದೆ. ಸಮುದ್ರಮಟ್ಟದಿಂದ 1,700 ಮೀಟರಿನಷ್ಟು ಎತ್ತರದಲ್ಲಿ, ಜೂನ್ ತಿಂಗಳ ಕೊನೆಯ ಬಿಸಿಲಿನಲ್ಲಿ, ಕೆಮ್ಮಣ್ಣಿನ ದಾರಿಯ ಸುತ್ತನ್ನು ಎರಡಾವೃತ್ತಿ ಓಡಬೇಕು. ಆನೆ, ಸಿಂಹ, ಖಡ್ಗಮೃಗಗಳು ದಾರಿಗೆ ಬಾರದಂತೆ ಕೋವಿ ಹಿಡಿದ ಕಾವಲುಗಾರರು ನೆಲದ ಮೇಲೂ ಹೆಲಿಕಾಪ್ಟರು ಆಕಾಶದಲ್ಲೂ ಸುತ್ತುತ್ತಿರುವುವು. ಹರಿಕಾರನ ಗೆಜ್ಜೆ ಮಾಡುತ್ತಿದ್ದ ಕೆಲಸವನ್ನು ಈಗ ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದೆಯೆಂದರೆ ಸಲ್ಲುವುದು.

ಲಂಡನ್ನಿನಲ್ಲಿ ವೇಷವನ್ನು ಹೊರಿಸುವುದು ‘ಸೇವ್ ದ ರೈನೊ’ ಎಂಬ ಸಂಸ್ಥೆ. ಮೂಲತಃ ರಂಗಭೂಮಿಯಿಂದ ಬಂದ ಆ ವೇಷಗಳು ತೊಂಬತ್ತರ ದಶಕದಿಂದಲೂ ಅಲ್ಲಿಯ ಬೀದಿಗಳಲ್ಲಿ ಓಡುತ್ತಿವೆ. ಅಂಥದೊಂದನ್ನು ಹೊತ್ತು 1994ರಲ್ಲಿ ಕಿಲಿಮಂಜಾರೊ ಪರ್ವತದತ್ತ ಹೊರಟ ತಂಡದಲ್ಲಿ, ಅಳಿಯುತ್ತಿರುವ ಜೀವಿಗಳನ್ನು ಕುರಿತು ಗ್ರಂಥ ಬರೆದಿದ್ದ ವಿನೋದಲೇಖಕ ಡಗ್ಲಸ್ ಆಡಮ್ಸ್ ಕೂಡ ಇದ್ದರು. ಒಬ್ಬರು ಓಡಿ ಬಿಚ್ಚಿಟ್ಟುದನ್ನು ಮರುವರ್ಷ ಇನ್ನೊಬ್ಬರು ಹೊರುವರು. ಕಳೆದ ಏಪ್ರಿಲಿನಲ್ಲಿ ನಾನು ಲಂಡನ್ನಿಗೆ ಹೋದಾಗ ಸೋದರಳಿಯನ ಮನೆಯ ಹಜಾರವನ್ನೆಲ್ಲ ಆಕ್ರಮಿಸಿ ಅದು ನಿಂತಿತ್ತು. ತೂಕ ಸುಮಾರು 10 ಕಿಲೋ. ಎಷ್ಟು ಜನರ ಬೆವರನ್ನು ಕುಡಿದಿತ್ತೋ, ಮಳೆಗಾಲದ ಕಂಬಳಿಯ ವಾಸನೆ. ಒಮ್ಮೆ ಹೊತ್ತುನೋಡಿದೆನು: ಕೊಂಬು ದೀಪದ ಬುರುಡೆಗೆ ತಗಲಿತು, ಕೊರಳಿನ ತೆರಪಿನಿಂದ ಎದುರಿನದಷ್ಟೇ ಕಾಣುವುದು, ಕಾಲ ಬಳಿಯ ನೆಲ ಕಾಣದು. ನಿಜವಾದ ಖಡ್ಗಮೃಗಕ್ಕೂ ದೃಷ್ಟಿ ಮಂದವೆಂದು ಅವನು ನನಗೆ ಸಮಾಧಾನ ಹೇಳಿದನು.

ಓಟದ ದಿನ ನಾನು ಟವರ್ ಬ್ರಿಜ್ಜಿನ ಬಳಿ, ಹೊರಟೆಡೆಯಿಂದ ಸುಮಾರು 20 ಕಿಲೋಮೀಟರಿನಾಚೆ, ಜನರ ನಡುವೆ ನಿಂತಿದ್ದೆನು. ಬಲ್ಲಿದ ಓಟಗಾರರು ಹೋಗಿ ಎಷ್ಟೋ ಹೊತ್ತಾಗಿತ್ತು. ಮೊದಲು ಕಂಡದ್ದು ತಲೆಗಳ ಮೇಲೆ ತೂಗಾಡುವ ಕೊಂಬು. ಬಳಿಕ ಹಸಿರು ಕುಂಬಳಕಾಯಿಯ ವೇಷದವನೊಬ್ಬನನ್ನು ಮೆಲ್ಲಗೆ ಹಿಂದಿಕ್ಕುತ್ತ ಬಂದ ಬೂದುಬಣ್ಣದ ಬೆನ್ನು. ಅದರ ಕೆಳಗೆ ನನಗೆ ಚಿರಪರಿಚಿತವಾದ ಎರಡು ಕಾಲುಗಳು. ನನ್ನ ಕಣ್ಣು ಹೋದದ್ದು ಬಲಗಾಲಿನ ಹಿಮ್ಮಡಿಗೆ. ಅದು ಎಡಗಾಲಿನದಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲಿರಲಿಲ್ಲ, ಕಡಿಮೆಯೂ ಇರಲಿಲ್ಲ. ದಾರಿಯ ಇಕ್ಕೆಲದ ಜನವೂ ಮಕ್ಕಳೂ ‘ರೈನೊ, ರೈನೊ’ ಎಂದು ಕೂಗುತ್ತಿದ್ದರು. ಅವನ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ. ನನಗಾಗ ಮನಸ್ಸಿಗೆ ಬಂದವರು, ಅವನು ಎತ್ತಿದ ಚಂದಾ ಯಾರಿಗೆ ಸಲ್ಲುವುದೋ ಆ ಕಾವಲುಗಾರರು: ಯಾರ ಕೂಗೂ ಇಲ್ಲದ ಪೊದೆಗಾಡಿನಲ್ಲಿ, ಇದಕ್ಕಿಂತ ಭಾರವನ್ನು ಹೊತ್ತು, ದಿನವೂ ಗಸ್ತು ನಡೆಯುವವರು. ಅವರ ಮತ್ತು ಅವರಂಥವರ ಕಾವಲಿನಿಂದಲೇ ಕಪ್ಪು ಖಡ್ಗಮೃಗಗಳ ಸಂಖ್ಯೆ ಈಗ 6,000 ದಾಟಿರುವುದು.

ಅವನು ಗೆರೆಯನ್ನು ಮುಟ್ಟಿದಾಗ ಆರೂವರೆ ಗಂಟೆಯಾಗಿತ್ತು. ಮರುದಿನ ಬೆಳಿಗ್ಗೆ ಅವನ ತೊಡೆಗಳು ಮರಗಟ್ಟಿಹೋಗಿದ್ದವು. ಹಿಮ್ಮಡಿಯೊಂದು ಮಾತ್ರ ನೋಯುತ್ತಿಲ್ಲವೆಂದನು. ಮುಮ್ಮುಖವಾಗಿ ಇಳಿಯಲಾರದೆ, ಕಂಬಿಯನ್ನು ಹಿಡಿದುಕೊಂಡು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲನ್ನು ಇಳಿದು ಕಾಫಿಗೆ ಬಂದನು. ಅಭ್ಯಾಸಬಲದಿಂದ ನಾನು ಎಣಿಸಿದೆನು; ಹದಿಮೂರು ಮೆಟ್ಟಿಲುಗಳಿದ್ದವು.